ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಪರಿಸರ ಶಿಕ್ಷಣ

ಕಡೂರು, ತರೀಕೆರೆ ಮತ್ತು ಅಜ್ಜಂಪುರಗಳು ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಮೂರು ನೆರೆಹೊರೆಯ ತಾಲ್ಲೂಕುಗಳು. ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಮಲೆನಾಡಿನ ದಟ್ಟ ಕಾಡು, ಬಯಲುಸೀಮೆಯ ಹುಲ್ಲುಗಾವಲು, ಅಣೆಕಟ್ಟು ಹಾಗೂ ಹಳೆಯ ಕೆರೆಗಳು ಸಮೀಪದಲ್ಲೇ ಇರುವುದರಿಂದ ಭೂಗೋಳ, ವಿಜ್ಞಾನ ಮತ್ತು ವನ್ಯಜೀವಿ ಸಂರಕ್ಷಣೆಯನ್ನು ಶಾಲಾ ವಿದ್ಯಾರ್ಥಿಗಳಿಗೆ ಪ್ರತ್ಯಕ್ಷ ನಿದರ್ಶನಗಳ ಮೂಲಕ ಬೋಧಿಸಲು ಈ ಪ್ರದೇಶವು ಅನುಕೂಲಕರವಾಗಿದೆ.

ಹಿನ್ನೆಲೆ

1976ರ 42ನೆಯ ತಿದ್ದುಪಡಿಯು ಅರಣ್ಯ, ಕೆರೆ, ನದಿ ಮತ್ತು ವನ್ಯಜೀವಿಗಳ ರಕ್ಷಣೆಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಪರಿಸರವನ್ನು ಕಡ್ಡಾಯ ಪಠ್ಯವಿಷಯವಾಗಿಸುವಂತೆ ನಿರ್ದೇಶಿಸಿತು. ಕರ್ನಾಟಕದ ಪ್ರಾಥಮಿಕ ತರಗತಿಗಳಲ್ಲಿ ಇದು ‘ಪರಿಸರ ಅಧ್ಯಯನ’ವಾಗಿಯೂ, ಮೇಲಿನ ತರಗತಿಗಳಲ್ಲಿ ವಿಜ್ಞಾನ ಹಾಗೂ ಸಮಾಜ ವಿಜ್ಞಾನಗಳ ಭಾಗವಾಗಿಯೂ ಇದೆ. ಶಾಲಾ ಇಕೋ ಕ್ಲಬ್‌ಗಳು, ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಮತ್ತು ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹ ಇದಕ್ಕೆ ಪೂರಕವಾಗಿವೆ.

ಭೂಗೋಳ

ಮಳೆನೆರಳು ಎಂಬ ಪರಿಕಲ್ಪನೆಗೆ ಇಲ್ಲಿ ಭೂಪಟಕ್ಕಿಂತ ಉತ್ತಮ ನಿದರ್ಶನ ದೊರೆಯುತ್ತದೆ. ನೈಋತ್ಯ ಮಾರುತಗಳನ್ನು ತಡೆಯುವ ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿ ತರೀಕೆರೆ ತಾಲ್ಲೂಕಿನಲ್ಲಿದೆ. ಅದೇ ಶ್ರೇಣಿಯ ಪೂರ್ವಕ್ಕಿರುವ ಕಡೂರು ಒಣಭೂಮಿ. ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಪೂರೈಕೆಯಾಗುತ್ತಿತ್ತು. ಅಯ್ಯನಕೆರೆಯ ಕಡೆಯಿಂದ ಬರುವ ವೇದಾ ಮತ್ತು ಮದಗದಕೆರೆಯ ಕಡೆಯಿಂದ ಬರುವ ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗವು ಅಜ್ಜಂಪುರದ ಬಳಿ ಹಾದುಹೋಗಿ, ಭದ್ರೆಯ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯಲು ನಿರ್ಮಿತವಾಗಿದೆ.

ವನ್ಯಜೀವಿ

ಭದ್ರಾ ಅಭಯಾರಣ್ಯ: 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಆರಂಭವಾದ ಇದು 1974ರಲ್ಲಿ ವಿಸ್ತಾರಗೊಂಡು, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಲಕ್ಕವಳ್ಳಿ ವಲಯವು ತರೀಕೆರೆ ತಾಲ್ಲೂಕಿಗೆ ಸೇರಿದೆ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ಹೊರತೋರುವ ನಡುಗಡ್ಡೆಗಳಲ್ಲಿ ನದಿ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ಮಳೆಗೆ ಮುನ್ನ ಮರಿಗಳು ಹಾರಲು ಕಲಿಯದಿದ್ದರೆ ಏರುವ ನೀರು ಗೂಡುಗಳನ್ನು ಮುಳುಗಿಸುತ್ತದೆ. ಅಣೆಕಟ್ಟು, ಋತುಮಾನ ಹಾಗೂ ಜೀವಿಗಳ ಸಂಬಂಧವನ್ನು ತಿಳಿಸಲು ಇದು ಸರಳ ಪಾಠ. ಅಭಯಾರಣ್ಯದೊಳಗಿದ್ದ ಹಳ್ಳಿಗಳ ಕುಟುಂಬಗಳಿಗೆ 2000ದ ದಶಕದ ಆರಂಭದಲ್ಲಿ ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿ ಮತ್ತಿತರ ಕಡೆ ಪುನರ್ವಸತಿ ಕಲ್ಪಿಸಲಾಯಿತು. ಸಂರಕ್ಷಣೆಗೆ ಮನುಷ್ಯರೂ ಬೆಲೆ ತೆರುತ್ತಾರೆಂಬುದನ್ನು ಚರ್ಚಿಸಲು ಇದು ಅವಕಾಶ ನೀಡುತ್ತದೆ.

ಅಮೃತಮಹಲ್ ಕಾವಲುಗಳು: ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯ ರಾಸುಗಳಿಗಾಗಿ ಮೀಸಲಾಗಿದ್ದ ಹುಲ್ಲುಗಾವಲುಗಳೇ ಕಾವಲುಗಳು. ಟಿಪ್ಪು ಸುಲ್ತಾನನು ಆ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ಋತುವಿಗೆ ತಕ್ಕಂತೆ ರಾಸುಗಳನ್ನು ಒಂದು ಕಾವಲಿನಿಂದ ಮತ್ತೊಂದಕ್ಕೆ ಅಟ್ಟುತ್ತಿದ್ದುದರಿಂದ ಹುಲ್ಲಿಗೆ ಚಿಗುರಲು ಬಿಡುವು ದೊರೆಯುತ್ತಿತ್ತು. ಈ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳ ನೆಲೆ, ಸುಮಾರು 7.36 ಚದರ ಕಿ.ಮೀ. ವಿಸ್ತೀರ್ಣದ ಇದನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಬೋಧನೆಯ ಸವಾಲುಗಳು

ಕಾಡೆಂದರೆ ಮರಗಳೆಂದೇ ಕಲಿತ ವಿದ್ಯಾರ್ಥಿಗೆ ಕಾವಲು ಬರಿಯ ಬಂಜರಾಗಿ ಕಾಣುತ್ತದೆ. ಒತ್ತುವರಿ ಹಾಗೂ ಅನ್ಯ ಉದ್ದೇಶಗಳ ಹಂಚಿಕೆಯಿಂದ ಅಮೃತಮಹಲ್ ಕಾವಲುಗಳ ಬಹುಭಾಗ ಈಗಾಗಲೇ ಕೈತಪ್ಪಿದೆ. ಹುಲ್ಲುಗಾವಲಿನಲ್ಲಿ ಸಸಿ ನೆಡುವುದು ಸದುದ್ದೇಶದ್ದಾದರೂ, ಬಯಲಿನಲ್ಲಿ ದೂರದಿಂದಲೇ ಅಪಾಯವನ್ನು ಕಂಡು ಓಡುವ ಕೃಷ್ಣಮೃಗದ ನೆಲೆಯನ್ನು ಕೆಡಿಸುತ್ತದೆ. ಆದುದರಿಂದ ಪರಿಸರ ದಿನದಂದು ಎಲ್ಲಿ ಸಸಿ ನೆಡಬೇಕು ಎಂಬುದರ ಜೊತೆಗೆ ಎಲ್ಲಿ ನೆಡಬಾರದು ಎಂಬುದೂ ಪಾಠದ ಭಾಗವಾಗಬೇಕಾಗುತ್ತದೆ. ಹುಲ್ಲಿನ ಬಗೆಗಳನ್ನು ಗುರುತಿಸುವುದು, ಶಾಲೆಯ ಅಂಗಳದಲ್ಲಿ ಮಳೆ ಅಳೆಯುವುದು, ಊರ ಕೆರೆಯ ಹಕ್ಕಿಗಳನ್ನು ಎಣಿಸುವುದು ಮುಂತಾದ ಚಟುವಟಿಕೆಗಳು ಹೆಚ್ಚು ಖರ್ಚಿಲ್ಲದೆ ಗ್ರಾಮೀಣ ಶಾಲೆಗಳಿಗೂ ಸಾಧ್ಯವಾಗುವಂಥವು.

ಇವನ್ನೂ ನೋಡಿ

ಭದ್ರಾ ಅಭಯಾರಣ್ಯ
ಅಮೃತಮಹಲ್ ತಳಿ
ವೇದಾವತಿ ನದಿ
ಕೃಷ್ಣಮೃಗ