ಕೈಗಾದ ಸುದ್ದಿ: ಯಾವುದನ್ನ ನಂಬೋದು, ಹೆಂಗ ನಂಬೋದು?

ಗೋಕಾಕದಿಂದ ಕೈಗಾ ಅಣುವಿದ್ಯುತ್ ಸ್ಥಾವರ ನೇರ ಲೆಕ್ಕದಲ್ಲಿ ಸುಮಾರು 150 ಕಿಲೋಮೀಟರ್. ಅದರ ಬಗ್ಗೆ ನಮ್ಮ ಫೋನಿಗೆ ಬರುವ ಸಂದೇಶಗಳು ಎರಡೇ ನಮೂನೆ. ಒಂದು, "ಅಲ್ಲಿ ಮನೆಮನೆಗೂ ಕ್ಯಾನ್ಸರ್." ಇನ್ನೊಂದು, "ಅಲ್ಲಿ ಏನೂ ಆಗಿಲ್ಲ." ಇವನ್ನು ಒರೆಗೆ ಹಚ್ಚೋದು ಹೇಗೆ? ಹಿಂದೆ ನಡೆದ ಮೂರು ಘಟನೆ ನೋಡೋಣ.

ಮೊದಲನೆಯದು 1994ರ ಮೇ 13. ಕೈಗಾದ 1ನೇ ಘಟಕದ ಗುಮ್ಮಟದ ಒಳಪದರ ಕಟ್ಟುತ್ತಿರುವಾಗಲೇ ಕುಸಿಯಿತು. ಸುಮಾರು 130 ಟನ್ ಕಾಂಕ್ರೀಟ್ ಬಿತ್ತು, ಕೆಲಸಗಾರರು ಗಾಯಗೊಂಡರು. ಅವತ್ತು ವಿಕಿರಣ ಸೋರಿತು ಎಂದು ಯಾರಾದರೂ ಹೇಳಿದರೆ ಇಸವಿ ಕೇಳಿ. ಆ ಘಟಕ ಚಾಲೂ ಆದದ್ದು 2000ರಲ್ಲಿ. ಇಂಧನವೇ ಇಲ್ಲದ ಕಡೆ ವಿಕಿರಣ ಎಲ್ಲಿಂದ ಬರಬೇಕು? ಹಾಗಂತ ಅದು ಸಣ್ಣ ಸುದ್ದಿಯಲ್ಲ. ಮುಂದೆ ಅಪಘಾತವಾದರೆ ವಿಕಿರಣವನ್ನು ಒಳಗೇ ತಡೆಯಬೇಕಾದದ್ದು ಅದೇ ಗುಮ್ಮಟ.

ಎರಡನೆಯದು 2009ರ ನವೆಂಬರ್. ಕೈಗಾದ ಕೆಲಸಗಾರರು ಕುಡಿಯುವ ವಾಟರ್ ಕೂಲರಿನಲ್ಲಿ ಟ್ರಿಟಿಯಂ ಎಂಬ ವಿಕಿರಣ ವಸ್ತು ಬೆರೆತಿತ್ತು. 50ಕ್ಕೂ ಹೆಚ್ಚು ಜನರ ದೇಹ ಸೇರಿತು. ಗೊತ್ತಾದದ್ದು ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂ ನೀರಿನ ಜೊತೆಗೇ ದೇಹದಿಂದ ಹೊರಗೆ ಹೋಗುತ್ತದೆ, ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು. ತಿಂಗಳುಗಟ್ಟಲೆ ತಡಮಾಡಿದರೆ ಗುರುತು ಸಿಗೋದು ಕಷ್ಟ. ಆದ್ದರಿಂದ "ಪರೀಕ್ಷೆ ಮಾಡಿದೆವು, ಏನೂ ಸಿಗಲಿಲ್ಲ" ಎಂದು ಯಾರೇ ಹೇಳಲಿ, "ಪರೀಕ್ಷೆ ಮಾಡಿದ್ದು ಯಾವಾಗ?" ಎಂದು ಕೇಳಬೇಕು.

ಮೂರನೆಯದು ನಮ್ಮ ದೇಶದ್ದಲ್ಲ, ಆದರೆ ಅದರಷ್ಟು ಪಾಠ ಕಲಿಸಿದ್ದು ಬೇರೆ ಇಲ್ಲ. 1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರ ಸಿಡಿಯಿತು. ಎರಡು ದಿನ ಸರ್ಕಾರ ಬಾಯಿ ಬಿಡಲಿಲ್ಲ. ದೂರದ ಸ್ವೀಡನ್ನಿನ ಸ್ಥಾವರದಲ್ಲಿ ನೌಕರನೊಬ್ಬನ ಬೂಟಿನ ಮೇಲೆ ವಿಕಿರಣ ಪತ್ತೆಯಾದ ಮೇಲೆ ಜಗತ್ತಿಗೆ ತಿಳಿಯಿತು. ಸರ್ಕಾರ ಸುಮ್ಮನಿದೆ ಅಂದರೆ ಏನೂ ಆಗಿಲ್ಲ ಎಂದು ಅರ್ಥವಲ್ಲ.

ಸತ್ತವರೆಷ್ಟು? ಸೋವಿಯತ್ ಸರ್ಕಾರ 31 ಅಂದಿತು. 2005ರಲ್ಲಿ ವಿಶ್ವಸಂಸ್ಥೆಯ ಸಂಸ್ಥೆಗಳು 4,000ದವರೆಗೆ ಅಂದವು. 2006ರಲ್ಲಿ ಗ್ರೀನ್‌ಪೀಸ್ 93,000 ಅಂದಿತು. ಮೂವರೂ ಎಣಿಸಿದ್ದು ಬೇರೆ ಬೇರೆ ಜನರನ್ನು. ಮೊದಲಿನದು ಆರಂಭದಲ್ಲೇ ಸತ್ತವರ ಲೆಕ್ಕ. ಎರಡನೆಯದು ಹೆಚ್ಚು ವಿಕಿರಣ ತಗುಲಿದ ಸುಮಾರು 6 ಲಕ್ಷ ಜನರಲ್ಲಿ ಮುಂದೆ ಸಾಯಬಹುದಾದವರ ಅಂದಾಜು. ಮೂರನೆಯದು ಇನ್ನೂ ದೊಡ್ಡ ಜನಸಂಖ್ಯೆಯ ಅಂದಾಜು. ಸಂಖ್ಯೆ ನೋಡುವ ಮೊದಲು ಯಾರನ್ನು ಎಣಿಸಿದ್ದಾರೆ ನೋಡಬೇಕು.

ಗಟ್ಟಿ ಸಾಕ್ಷಿ ಸಿಕ್ಕಿದ್ದು ಮಕ್ಕಳ ಥೈರಾಯ್ಡ್ ಕ್ಯಾನ್ಸರಿನಲ್ಲಿ. ವಿಕಿರಣ ಅಯೋಡಿನ್ ಹುಲ್ಲಿಗೆ ಬಿತ್ತು, ಹುಲ್ಲಿನಿಂದ ಆಕಳಿಗೆ, ಹಾಲಿನಿಂದ ಮಕ್ಕಳಿಗೆ ಹೋಯಿತು. "ತಪಾಸಣೆ ಹೆಚ್ಚಾಗಿದೆ, ಅದಕ್ಕೇ ರೋಗ ಹೆಚ್ಚು ಕಾಣುತ್ತಿದೆ" ಎಂದು ಕೆಲವರು ವಾದಿಸಿದರು. ಆದರೆ ಆ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗಿ, ಕೆಲವು ತಿಂಗಳಲ್ಲಿ ಇಲ್ಲವಾಗುತ್ತದೆ. ಅದು ಮುಗಿದ ಮೇಲೆ ಅದೇ ಊರುಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಆ ರೋಗ ಮತ್ತೆ ಅಪರೂಪವಾಯಿತು. ಈ ಹೋಲಿಕೆಯ ಮುಂದೆ ಆ ವಾದ ನಿಲ್ಲಲಿಲ್ಲ.

ಕೈಗಾ ಸುತ್ತಲಿನ ಹಳ್ಳಿಗಳಲ್ಲಿ ಕ್ಯಾನ್ಸರ್ ಹೆಚ್ಚಿದೆ ಎಂಬ ದೂರು ಬಹಳ ವರ್ಷದ್ದು. ಅದನ್ನು ತಳ್ಳಿಹಾಕುವುದೂ ತಪ್ಪು, ಅಳತೆಯಿಲ್ಲದೆ ಒಪ್ಪುವುದೂ ತಪ್ಪು. ಸ್ಥಾವರ ಬರುವ ಮೊದಲು ಎಷ್ಟಿತ್ತು, ಈಗ ಎಷ್ಟು? ರೋಗಿಗಳ ವಯಸ್ಸೆಷ್ಟು? ತಂಬಾಕು ತಿನ್ನುವವರೆಷ್ಟು? ದೂರದ ಹಳ್ಳಿಗಳಲ್ಲಿ ಎಷ್ಟಿದೆ? ಚಿಕ್ಕ ಊರಲ್ಲಿ ಎರಡು ರೋಗಿ ನಾಲ್ಕಾದರೆ "ಡಬಲ್" ಆಯಿತು ಅನ್ನಬಹುದು, ಆದರೆ ಅಷ್ಟರಿಂದಲೇ ಕಾರಣ ಗೊತ್ತಾಗದು.

ನಾವು ಸುಳ್ಳು ಅಂಕಿ ಫಾರ್ವರ್ಡ್ ಮಾಡಿದರೆ ಪೆಟ್ಟು ಬೀಳೋದು ಆ ಹಳ್ಳಿಯವರಿಗೇ. ನಾಳೆ ಅವರು ನಿಜವಾದ ದೂರು ಹಿಡಿದು ಬಂದಾಗ, "ಇದೂ ವಾಟ್ಸಾಪ್ ಸುದ್ದಿ" ಎಂದು ಅಧಿಕಾರಿಗಳು ಕೈ ತೊಳೆದುಕೊಳ್ಳುತ್ತಾರೆ.