ಹತ್ತರಿಂದ ಹದಿನೆಂಟಕ್ಕೆ 157 ವರ್ಷ

ಮುಂಬೈಯಲ್ಲಿ ಇರೋರು ಫೋರ್ಟ್ ಕಡೆ ಹೋದಾಗ ಹೈಕೋರ್ಟಿನ ಕಪ್ಪು ಕಲ್ಲಿನ ಕಟ್ಟಡ ನೋಡಿರ್ತೀರಿ. 1887ರಲ್ಲಿ ಆ ಕೋರ್ಟು ರುಖ್ಮಾಬಾಯಿ ಅನ್ನೋ 22 ವರ್ಷದ ಹೆಣ್ಣುಮಗಳಿಗೆ ಒಂದು ಆದೇಶ ಕೊಡ್ತು: ಗಂಡನ ಮನೆಗೆ ಹೋಗು, ಇಲ್ಲಾಂದ್ರೆ ಆರು ತಿಂಗಳು ಜೈಲು. ಆಕೆ ಜೈಲಿಗೇ ಹೋಗ್ತೀನಿ ಅಂದಳು. ಮದುವೆಯಾದಾಗ ಆಕೆಗೆ 11 ವರ್ಷ. ಒಪ್ಪಿಗೆ ಕೊಡೋ ವಯಸ್ಸೇ ಅಲ್ಲ ಅದು, ಇಂಥ ಮದುವೆ ನನ್ನನ್ನು ಹೇಗೆ ಕಟ್ಟಿಹಾಕುತ್ತೆ ಅನ್ನೋದು ಆಕೆಯ ವಾದ. 1888ರಲ್ಲಿ 2000 ರೂಪಾಯಿ ಕೊಟ್ಟು ರಾಜಿಯಾಯ್ತು. ಆಮೇಲೆ ಲಂಡನ್ನಿಗೆ ಹೋಗಿ ಓದಿ, ಡಾಕ್ಟರಾಗಿ ವಾಪಸ್ ಬಂದಳು.

ಇನ್ನೊಬ್ಬಳಿಗೆ ಆ ಅವಕಾಶ ಸಿಗಲಿಲ್ಲ. ಕಲ್ಕತ್ತೆಯ ಫುಲ್‌ಮಣಿ ದಾಸಿಗೆ 10-11 ವರ್ಷ ಇದ್ದಿರಬೇಕು, ಗಂಡನಿಗೆ ಮೂವತ್ತು ದಾಟಿತ್ತು. ಗಂಡನ ಜೊತೆ ಕಳೆದ ಒಂದು ರಾತ್ರಿಯ ನಂತರ ರಕ್ತಸ್ರಾವದಿಂದ ತೀರಿಕೊಂಡಳು. 1860ರ ದಂಡಸಂಹಿತೆ ಪ್ರಕಾರ ಹೆಂಡತಿಗೆ 10 ತುಂಬಿದ್ರೆ ಅತ್ಯಾಚಾರದ ಪ್ರಶ್ನೆಯೇ ಬರ್ತಿರಲಿಲ್ಲ. ಹಾಗಾಗಿ ಗಂಡನಿಗೆ ಸಿಕ್ಕಿದ್ದು ಒಂದು ವರ್ಷದ ಶಿಕ್ಷೆ ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ಇದೆ ಅಂತ ಗೊತ್ತಿತ್ತು, ಜೀವ ಹೋಗುವವರೆಗೆ ಯಾರೂ ಫಿಕ್ಸ್ ಮಾಡಲಿಲ್ಲ.

ಆಗ ಮಹಿಳಾ ವೈದ್ಯರು ತಾವು ಕಣ್ಣಾರೆ ಕಂಡ ಇಂಥ ಹುಡುಗಿಯರ ಪಟ್ಟಿಯನ್ನೇ ವೈಸ್‌ರಾಯ್ ಮುಂದಿಟ್ಟರು. ಧರ್ಮದ ಜಗಳವಾಗಿದ್ದದ್ದು ಆರೋಗ್ಯದ ಪ್ರಶ್ನೆಯೂ ಆಯ್ತು. ಮಾರ್ಚ್ 1891ರಲ್ಲಿ ಮಿತಿ 12ಕ್ಕೆ ಏರಿತು. ಪುಣೆಯಲ್ಲಿ ಭಾರೀ ಗಲಾಟೆ. ಅಗರ್ಕರ್ ಕಾಯ್ದೆಯ ಪರ, ತಿಲಕರು ವಿರುದ್ಧ. ಹಾಗಂತ ತಿಲಕರು ಬಾಲ್ಯವಿವಾಹದ ಪರ ಅಂತಲ್ಲ. ಸುಧಾರಣೆ ಒಳಗಿಂದ ಬರಲಿ, ಪರಕೀಯ ಸರ್ಕಾರ ತಲೆ ಹಾಕೋದು ಬೇಡ ಅನ್ನೋದು ಅವರ ಮಾತು.

ಹಾಗಾದ್ರೆ ನಮ್ಮವರದೇ ಸರ್ಕಾರ ಇದ್ದಲ್ಲಿ? 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಮೈಸೂರು ಸಂಸ್ಥಾನ ಕಾಯ್ದೆ ಮಾಡ್ತು: 8 ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವಂತಿಲ್ಲ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ. ಇವತ್ತು ಓದಿದ್ರೆ '8 ವರ್ಷ ಅಷ್ಟೇನಾ' ಅನ್ಸುತ್ತೆ. ಆದ್ರೆ ಅದಕ್ಕೂ ಒಂದು ಕಾಯ್ದೆ ಬೇಕಾಗಿತ್ತು ಅಂದ್ರೆ ಅವತ್ತಿನ ಪರಿಸ್ಥಿತಿ ಊಹಿಸಿ.

1929ರ ಶಾರದಾ ಕಾಯ್ದೆ ಹುಡುಗಿಯ ಮದುವೆ ವಯಸ್ಸನ್ನು 14 ಮಾಡ್ತು, 1978ರಲ್ಲಿ ಅದು 18 ಆಯ್ತು. ದಂಡಸಂಹಿತೆಯಲ್ಲಿ ಗಂಡನಿಗಿದ್ದ ವಿನಾಯಿತಿ ಮಾತ್ರ 12, 13, 15 ಅಂತ ತೆವಳಿತು. ಅದನ್ನು 18ಕ್ಕೆ ತಂದದ್ದು ಅಕ್ಟೋಬರ್ 2017ರ ಸುಪ್ರೀಂ ಕೋರ್ಟ್ ತೀರ್ಪು. 1860ರಿಂದ ಲೆಕ್ಕ ಹಾಕಿ, 157 ವರ್ಷ! ಕರ್ನಾಟಕ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

ಇದನ್ನೆಲ್ಲ ಯಾಕೆ ಓದಿದೆ ಅಂದ್ರೆ, ನಮ್ಮ ಮನೆಗೆ ಕೆಲಸಕ್ಕೆ ಬರೋ ಕಲಬುರಗಿ ಕಡೆಯ ಅಕ್ಕ ಒಂದಿನ "ಮಗಳ ಮದುವಿ ಗೊತ್ತಾಗ್ಯಾದ ಸರ್" ಅಂದ್ರು. ಮಗಳು ಒಂಬತ್ತನೇ ಕ್ಲಾಸು. ಅವತ್ತು ನಾನು ಬಾಯಿ ಬಿಡಲಿಲ್ಲ, ಕಾಲ್ ಇದೆ ಅಂತ ಒಳಗೆ ಹೋದೆ. ಮರುದಿನ ನಾನೂ ನನ್ನ ಹೆಂಡತಿಯೂ ಅವರ ಜೊತೆ ಕೂತು ಮಾತಾಡಿದ್ವಿ. ಸದ್ಯಕ್ಕೆ ನಿಂತಿದೆ. "ಮಗಳು ಏನಂತಾಳೆ" ಅಂತ ನನ್ನ ಹೆಂಡತಿ ಕೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ರು. "ಅಕೀಗಿ ಯಾರೂ ಕೇಳಿಲ್ರಿ" ಅಂದ್ರು.

ನಿಮ್ಮ ಸುತ್ತ ಇಂಥದ್ದು ಕಂಡ್ರೆ ಮಕ್ಕಳ ಸಹಾಯವಾಣಿ ನಂಬರ್ 1098. ಕಾಲ್ ಇದೆ ಅಂತ ಒಳಗೆ ಹೋಗಬೇಡಿ, ಕಾಲ್ ಮಾಡಿ.