ಹೆಪ್ಪು

ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಬೆರೆಸುವ ಚಮಚದಷ್ಟು ಮೊಸರೋ ಮಜ್ಜಿಗೆಯೋ 'ಹೆಪ್ಪು'. ಹೆಪ್ಪು ಹಾಕುವುದು ನಮ್ಮ ಕೆಲಸ, ಹೆಪ್ಪುಗಟ್ಟುವುದು ಹಾಲಿನ ಕೆಲಸ. ಅಡುಗೆಮನೆಯ ಈ ಮಾತು ಗಾಯದಿಂದ ಸುರಿದು ಗಟ್ಟಿಯಾಗುವ ನೆತ್ತರಿಗೂ, ಹೇಳಿಕೊಳ್ಳಲಾಗದ ದುಃಖಕ್ಕೂ ಹಬ್ಬಿತು.

ಲ್ಯಾಟಿನ್ ಭಾಷೆಯದೂ ಇದೇ ದಾರಿ. ಅಲ್ಲಿ 'ಕೋಆಗ್ಯುಲಮ್' ಎಂದರೆ ಚೀಸ್ ಮಾಡಲು ಹಾಲು ಒಡೆಸುವ ಹೆಪ್ಪು. ವೈದ್ಯರ 'ಕೋಆಗ್ಯುಲೇಶನ್' ಹುಟ್ಟಿದ್ದು ಅದರಿಂದಲೇ. 'ಕೋಆಗ್ಯುಲೇಸ್' ಎಂಬ ಹೆಸರೂ ಅದೇ ಬಳಗದ್ದು. ಇದು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸ್ರವಿಸುವ ಪ್ರೋಟೀನು. ಹಾಲಿಗೆ ಹೆಪ್ಪು ಹಾಕುವವರು ನಾವಾದರೆ, ನೆತ್ತರಿಗೆ ಹೆಪ್ಪು ಹಾಕುವುದು ಈ ಜೀವಿ!

ಕೋಆಗ್ಯುಲೇಸ್ ರಕ್ತದಲ್ಲಿರುವ ಪ್ರೋಥ್ರಾಂಬಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಚುರುಕುಗೊಳಿಸುತ್ತದೆ. ಆಗ ರಕ್ತದಲ್ಲಿ ಕರಗಿಕೊಂಡಿದ್ದ ಫೈಬ್ರಿನೋಜನ್ ಎಂಬ ಪ್ರೋಟೀನು, ಫೈಬ್ರಿನ್ ಎಳೆಗಳಾಗಿ ಬಲೆ ಕಟ್ಟುತ್ತದೆ. ಸೋಂಕನ್ನು ತಡೆಯಲು ದೇಹ ಹೆಣೆಯುವ ಬಲೆಯೇ ಬ್ಯಾಕ್ಟೀರಿಯಾಕ್ಕೆ ಕೋಟೆಯಾಗುತ್ತದೆ. ನುಂಗಲು ಬಂದ ಬಿಳಿ ರಕ್ತಕಣಗಳು ಗೋಡೆಯಾಚೆಯೇ ಉಳಿಯುತ್ತವೆ. ಮುಂದೆ ಹರಡಬೇಕಾದಾಗ ಇದೇ ಜೀವಿಯ ಹಲವು ತಳಿಗಳು ಸ್ಟ್ಯಾಫಿಲೋಕೈನೇಸ್ ಎಂಬ ಮತ್ತೊಂದು ಪ್ರೋಟೀನಿನ ನೆರವಿನಿಂದ ಹೆಪ್ಪನ್ನು ಕರಗಿಸುತ್ತವೆ.

ಈ ಕಳ್ಳನ ಹೆಪ್ಪು ಹಾಕುವ ಚಾಳಿಯೇ ಅವನ ಗುರುತೂ ಹೌದು. ಪ್ರಯೋಗಾಲಯದಲ್ಲಿ ಮೊಲದ ರಕ್ತದ ಪ್ಲಾಸ್ಮಾಕ್ಕೆ ಬ್ಯಾಕ್ಟೀರಿಯಾ ಬೆರೆಸಿ 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಡುತ್ತಾರೆ. 4 ಗಂಟೆಯಲ್ಲಿ ಹೆಪ್ಪುಗಟ್ಟಿದರೆ ಸಾಮಾನ್ಯವಾಗಿ ಅದು ಆರಿಯಸ್ ಎಂದೇ ಲೆಕ್ಕ.

ಇಷ್ಟೆಲ್ಲ ಇದ್ದರೂ ನಮ್ಮ ಕೆಲವು ವಿಜ್ಞಾನ ಬರಹಗಳು ರಕ್ತ ಹೆಪ್ಪುಗಟ್ಟುವುದನ್ನು 'ಘನೀಕರಣ' ಎಂದು ಬರೆಯುತ್ತವೆ. ನೀರು ಮಂಜುಗಡ್ಡೆಯಾಗುವುದಕ್ಕೂ ಅದೇ ಪದ. 'ಹೆಪ್ಪು' ಎಲ್ಲರ ಬಾಯಲ್ಲಿರುವ ಮಾತು. ಅದನ್ನೇ ಬಳಸೋಣ.